"ಈ ಸಲವಾದರೂ" ಎಂದು ಬರೆದದ್ದಕ್ಕೆ ನೆರೆಮನೆಯವರು ಗುಂಪು ಬಿಟ್ಟು ಹೋದರು: ಸೂಚನೆಯನ್ನು ಬರೆಯುವುದು ಹೇಗೆ?

ಪ್ರಶ್ನೆ: ಮೈಸೂರಿನ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ 16 ಮನೆಗಳಿರುವ ಒಂದು ಸಣ್ಣ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘಕ್ಕೆ ಈ ವರ್ಷ ನಾನು ಕಾರ್ಯದರ್ಶಿ. ಬೇರೆ ಯಾರೂ ಒಪ್ಪಲಿಲ್ಲವಾದ್ದರಿಂದ ಆದೆ ಎಂದರೂ ತಪ್ಪಾಗದು. ನೀರು, ಲಿಫ್ಟ್, ತಿಂಗಳ ಮೇಂಟೆನೆನ್ಸ್ ಹಣ, ಎಲ್ಲದಕ್ಕೂ ನಮ್ಮಲ್ಲಿ ಸೂಚನೆ ಹೋಗುವುದು ವಾಟ್ಸ್‌ಆ್ಯಪ್ ಗುಂಪಿಗೆ. ಕಳೆದ ವಾರ ಅಲ್ಲಿ ನಾನು ಹಾಕಿದ ನಾಲ್ಕು ಸಾಲುಗಳಿಂದ ಆದ ರಾದ್ಧಾಂತವನ್ನು ಇಲ್ಲಿ ಹೇಳಿಕೊಂಡು, ಎಲ್ಲಿ ತಪ್ಪಿದೆ ಎಂಬುದನ್ನು ತಿಳಿದವರಿಂದ ಕೇಳಿಕೊಳ್ಳಬೇಕೆಂದಿದ್ದೇನೆ.

ನಮ್ಮ ಸಂಪಿನ ಮುಚ್ಚಳವಿರುವುದು ಕಾರು ನಿಲ್ಲಿಸುವ ಜಾಗದಲ್ಲಿ. ಸಂಪನ್ನು ತೊಳೆಸಬೇಕಾದರೆ ಅದರ ಮೇಲೂ ಪಕ್ಕದಲ್ಲೂ ನಿಲ್ಲುವ ಮೂರು ಕಾರುಗಳನ್ನು ಹೊರಗೆ ತೆಗೆಯಬೇಕು. ಹೋದ ಸಲ ಒಂದು ಕಾರು ಅಲ್ಲೇ ಉಳಿದುಬಿಟ್ಟು, ತೊಳೆಯಲು ಬಂದವರು ಎರಡು ಗಂಟೆ ಕಾದು ಹಿಂತಿರುಗಿದ್ದರು. ಅದು ಮನಸ್ಸಿನಲ್ಲಿದ್ದುದರಿಂದ ಈ ಸಲ ಹೀಗೆ ಬರೆದೆ:

"ನಾಳೆ ಬೆಳಿಗ್ಗೆ ಸಂಪ್ ಮತ್ತು ಟ್ಯಾಂಕ್ ಕ್ಲೀನಿಂಗ್ ಇದೆ. ನೀರು ಇರುವುದಿಲ್ಲ. ಹೋದ ಸಲ ಕೆಲವರು ಕಾರು ತೆಗೆಯದೆ ಎಲ್ಲರಿಗೂ ತೊಂದರೆಯಾಯಿತು. ದಯವಿಟ್ಟು ಈ ಸಲವಾದರೂ ಸಹಕರಿಸಬೇಕು."

ಬರೆಯುವಾಗ ನನಗೆ ಕೋಪವಿರಲಿಲ್ಲ. "ದಯವಿಟ್ಟು" ಎಂದೂ ಸೇರಿಸಿದ್ದೆ. ಕಳುಹಿಸಿದಾಗ ರಾತ್ರಿ 12 ಗಂಟೆ 10 ನಿಮಿಷವಾಗಿತ್ತು. ಬೆಳಿಗ್ಗೆ ಎದ್ದು ಓದಿದ ಅರ್ಧದಷ್ಟು ಮನೆಗಳವರು "ನಾಳೆ" ಎಂದರೆ ಮರುದಿನ ಎಂದುಕೊಂಡರು. ಸೋಪು ಹಚ್ಚಿಕೊಂಡು ನಿಂತಿದ್ದವರಿಗೆ ನಲ್ಲಿಯಲ್ಲಿ ನೀರು ನಿಂತಿತು. ಅಷ್ಟರಲ್ಲಿ ಎರಡನೆಯ ಮಹಡಿಯ ಹಿರಿಯರೊಬ್ಬರು, ಧಾರವಾಡದ ಕಡೆಯವರು, "ಏನ್ರೀ ಇದು, ಹಿಂಗ್ಯಾಕ ಬರದೀರಿ? ಯಾರಂತ ಹೆಸರ ಹೇಳ್ರಿ" ಎಂದು ಬರೆದರು. ನನಗೆ ಅದು ಜಗಳಕ್ಕೆ ಕರೆದಂತೆ ಕಂಡಿತು. "ಯಾರೆಂದು ಅವರಿಗೇ ಗೊತ್ತು" ಎಂದು ಉತ್ತರಿಸಿದೆ. ಅದಕ್ಕೆ ಇಬ್ಬರು ಹೆಬ್ಬೆರಳಿನ ಚಿಹ್ನೆ ಒತ್ತಿದರು. ಹತ್ತು ನಿಮಿಷದಲ್ಲಿ ಆ ಹಿರಿಯರು ಗುಂಪು ಬಿಟ್ಟು ಹೋದರು. ಈಗ ಲಿಫ್ಟಿನಲ್ಲಿ ಎದುರಾದರೆ ಇಬ್ಬರೂ ಮಹಡಿಯ ಸಂಖ್ಯೆಗಳನ್ನೇ ನೋಡುತ್ತ ನಿಲ್ಲುತ್ತೇವೆ.

ನನ್ನ ಪ್ರಶ್ನೆಗಳು ಎರಡು. ಯಾರ ಮನಸ್ಸಿಗೂ ನೋವಾಗದಂತೆ, ಆದರೆ ಕೆಲಸವೂ ಆಗುವಂತೆ ಇಂತಹ ಸೂಚನೆಯನ್ನು ಹೇಗೆ ಬರೆಯಬೇಕಿತ್ತು? ಈಗ ಕ್ಷಮೆ ಕೇಳುವುದಾದರೆ ಗುಂಪಿನಲ್ಲಿ ಕೇಳಬೇಕೇ, ಅವರೊಬ್ಬರಿಗೇ ಸಂದೇಶ ಕಳುಹಿಸಬೇಕೇ?

ಉತ್ತರ 1: ನಿವೃತ್ತ ಕನ್ನಡ ಉಪನ್ಯಾಸಕಿ

ಕಾರ್ಯದರ್ಶಿಗಳೇ, ನಿಮ್ಮ ಸೂಚನೆಯಲ್ಲಿ ಬೈಗುಳವಾಗಲಿ ಏಕವಚನವಾಗಲಿ ಇಲ್ಲ, ವ್ಯಾಕರಣವೂ ನೆಟ್ಟಗಿದೆ. ಆದರೂ ಅದು ಚುಚ್ಚುತ್ತದೆ, ಮತ್ತು ಚುಚ್ಚುವ ಜಾಗಗಳನ್ನು ಬೆರಳಿಟ್ಟು ತೋರಿಸಬಹುದು.

ಮೊದಲನೆಯದು "ಆದರೂ" ಎಂಬ ಮೂರಕ್ಷರ. "ಈ ಸಲ ಸಹಕರಿಸಿ" ಎಂದರೆ ಕೋರಿಕೆ. "ಈ ಸಲವಾದರೂ ಸಹಕರಿಸಿ" ಎಂದರೆ ಹಿಂದೆ ಸಹಕರಿಸಲಿಲ್ಲವೆಂಬ ಆರೋಪ, ಅದರ ಮೇಲೊಂದು ಕೋರಿಕೆ. "ಇನ್ನಾದರೂ", "ನೀವಾದರೂ", "ಇಷ್ಟಾದರೂ" ಎಲ್ಲವೂ ಇದೇ ಜಾತಿಗೆ ಸೇರಿದವು. ಎದುರಿಗೆ ನಿಂತು ಮಾತನಾಡುವಾಗ ಈ ಪ್ರತ್ಯಯದ ಮೊನೆಯನ್ನು ನಾವು ನಗುವಿನಿಂದಲೋ, ದನಿಯನ್ನು ತಗ್ಗಿಸಿಯೋ, "ಅಲ್ವಾ" ಎಂದು ಕೊನೆಗೆ ಒಂದು ಎಳೆತ ಸೇರಿಸಿಯೋ ಮೊಂಡು ಮಾಡಿಬಿಡುತ್ತೇವೆ. ಬರಹದಲ್ಲಿ ಆ ನಗುವೂ ಇಲ್ಲ, ಎಳೆತವೂ ಇಲ್ಲ. ಮೊನೆ ಮಾತ್ರ ಉಳಿಯುತ್ತದೆ. ಒತ್ತಿ ಹೇಳುವ "ಏ" ಕಾರದ ಕಥೆಯೂ ಇದೇ. "ಅವರಿಗೆ ಗೊತ್ತು" ಮತ್ತು "ಅವರಿಗೇ ಗೊತ್ತು" ಇವೆರಡನ್ನು ಗಟ್ಟಿಯಾಗಿ ಓದಿ ನೋಡಿ, ನಿಮ್ಮ ಎರಡನೆಯ ಸಂದೇಶ ಮೊದಲನೆಯದಕ್ಕಿಂತ ಏಕೆ ಹೆಚ್ಚು ಕೆಲಸ ಕೆಡಿಸಿತೆಂದು ತಿಳಿಯುತ್ತದೆ.

ಇನ್ನು "ಕೆಲವರು". ಹೆಸರು ಹೇಳದಿರುವುದು ಸೌಜನ್ಯವೆಂದು ನೀವು ಭಾವಿಸಿದಿರಿ. ಆದರೆ 16 ಮನೆಗಳ ಕಟ್ಟಡದಲ್ಲಿ, ಮೂರೇ ಕಾರುಗಳ ವಿಷಯದಲ್ಲಿ, "ಕೆಲವರು" ಯಾರೆಂದು ಎಲ್ಲರಿಗೂ ಗೊತ್ತು. ಆರೋಪಕ್ಕೆ ಒಳಗಾದವರಿಗೆ ಮಾತ್ರ ಉತ್ತರ ಕೊಡುವ ದಾರಿ ಇಲ್ಲ, ಏಕೆಂದರೆ ಬಾಯಿ ತೆರೆದರೆ "ಅದು ನಾನೇ" ಎಂದು ಒಪ್ಪಿಕೊಂಡಂತೆ. ಹೆಸರಿಲ್ಲದ ದೂರು ಹೆಸರಿಟ್ಟ ದೂರಿಗಿಂತ ಸೌಮ್ಯವೇನಲ್ಲ. ಒಬ್ಬರಿಗೆ ಹೇಳಬೇಕಾದದ್ದನ್ನು ಆ ಒಬ್ಬರಿಗೆ ಹೇಳುವುದು, ಎಲ್ಲರಿಗೂ ಹೇಳಬೇಕಾದದ್ದನ್ನಷ್ಟೇ ಗುಂಪಿಗೆ ಹಾಕುವುದು ನನ್ನ ಪದ್ಧತಿ.

"ದಯವಿಟ್ಟು" ಎಂಬುದರ ಬಗ್ಗೆಯೂ ಒಂದು ಮಾತು. ಮನೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ನಾವು ಈ ಪದವನ್ನು ಬಳಸುವುದು ಬಹಳ ಕಡಿಮೆ. "ಸ್ವಲ್ಪ ಸರೀತೀರಾ", "ಒಂದ್ ನಿಮಿಷ ಇದನ್ನ ಹಿಡ್ಕೋತೀರಾ" ಎನ್ನುತ್ತೇವೆ. ವಿನಯವೆಲ್ಲ "ಸ್ವಲ್ಪ" ಎಂಬುದರಲ್ಲೂ ಕ್ರಿಯಾಪದದ ತುದಿಯಲ್ಲೂ ಇರುತ್ತದೆ. "ದಯವಿಟ್ಟು" ಬರಹದ ಪದ, ಫಲಕದ ಪದ. ಅದನ್ನು ಆರೋಪದ ವಾಕ್ಯದ ತಲೆಯ ಮೇಲಿಟ್ಟರೆ ವಿನಯವಾಗುವುದಿಲ್ಲ, ವ್ಯಂಗ್ಯವಾಗುತ್ತದೆ. "ದಯವಿಟ್ಟು ಇನ್ನಾದರೂ ಅರ್ಥ ಮಾಡಿಕೊಳ್ಳಿ" ಎಂಬ ವಾಕ್ಯವನ್ನು ಯಾರೂ ಪ್ರೀತಿಯಿಂದ ಬರೆದದ್ದನ್ನು ನಾನು ಕಂಡಿಲ್ಲ. "ಸಹಕರಿಸಬೇಕು" ಎಂಬ ವಿಧಿರೂಪವೂ ಕಚೇರಿಯ ಸುತ್ತೋಲೆಯದು. ಅದರ ಸೋದರ "ತಕ್ಕದ್ದು" ಬಂದಿಲ್ಲವೆಂಬುದೇ ಸಮಾಧಾನ.

ಕ್ಷಮೆಯ ವಿಷಯದಲ್ಲಿ ನನ್ನ ಅಭಿಪ್ರಾಯ: ಎರಡೂ ಬೇಡ. ಎರಡನೆಯ ಮಹಡಿಗೆ ಮೆಟ್ಟಿಲು ಹತ್ತಿ ಹೋಗಿ. ಬರಹದಿಂದ ಕೆಟ್ಟದ್ದನ್ನು ಬರಹದಿಂದಲೇ ಸರಿಪಡಿಸಲು ಹೋದವರು ಸಾಮಾನ್ಯವಾಗಿ ಇನ್ನೊಂದು "ಆದರೂ" ಸೇರಿಸಿ ಬರುತ್ತಾರೆ.

ಉತ್ತರ 2: ಹುಬ್ಬಳ್ಳಿಯವನು, ಈಗ ಬೆಂಗಳೂರಿನಲ್ಲಿ

ಮೇಡಂ ಅವರು ಕಾರ್ಯದರ್ಶಿಗಳ ಮಾತನ್ನು ಬಿಡಿಸಿ ತೋರಿಸಿದರು. ಎರಡನೆಯ ಮಹಡಿಯ ಹಿರಿಯರ ಮಾತನ್ನು ನಾನು ಬಿಡಿಸುತ್ತೇನೆ, ಏಕೆಂದರೆ ಅಲ್ಲಿ ಜಗಳವೇ ಇರಲಿಲ್ಲವೆಂದು ನನಗೆ ಅನ್ನಿಸುತ್ತದೆ.

ನಮ್ಮ ಕಡೆ "ರಿ" ಎಂಬುದು ಗೌರವದ ಗುರುತು. "ಹೌದ್ರಿ", "ಇಲ್ರಿ", "ಬರ್ರಿ", "ಹೂಂ ರಿ" ಎನ್ನದೆ ಹಿರಿಯರ ಮುಂದೆ ಬರೀ "ಹೂಂ" ಎಂದರೆ ಉಡಾಫೆಯಾಗುತ್ತದೆ. "ಹಿಂಗ್ಯಾಕ ಬರದೀರಿ" ಎಂಬುದರಲ್ಲಿ ಬೇಸರವಿದೆ, ಒಪ್ಪುತ್ತೇನೆ. ಆದರೆ ಅದು ಮನೆಯ ಹುಡುಗನನ್ನು ಕೇಳುವಂತಹ ಬೇಸರ. ಬೆಂಗಳೂರು ಮೈಸೂರುಗಳ ಕಿವಿಗೆ "ಏನ್ರೀ" ಬೇರೆಯಾಗಿಯೇ ಕೇಳಿಸುತ್ತದೆಂದು ನಾನು ಇಲ್ಲಿಗೆ ಬಂದ ಮೇಲೆ ಕಲಿತೆ. ಸಿಗ್ನಲ್ಲಿನಲ್ಲಿ ಸ್ಕೂಟರಿಗೆ ಸ್ಕೂಟರು ತಾಗಿದಾಗ ಮೊದಲು ಹೊರಡುವ ಮಾತೇ ಅದು! ಕಚೇರಿಯಲ್ಲಿ ನನ್ನ ಮೊದಲ ತಿಂಗಳಲ್ಲಿ "ಏನ್ರೀ, ಊಟ ಆತೇನ್ರಿ" ಎಂದು ಬರೆದದ್ದಕ್ಕೆ ಪಕ್ಕದ ಸಹೋದ್ಯೋಗಿ ಎದ್ದು ಬಂದು, ನಾನೇನಾದರೂ ತಪ್ಪು ಮಾಡಿದೆನೇ ಎಂದು ಕೇಳಿದ್ದರು.

ಇದರ ಹಿಮ್ಮುಖವೂ ಇದೆ. ಮೈಸೂರಿನ ಕಡೆಯವರು ವಾಕ್ಯವನ್ನು "ನೋಡಿ" ಎಂದು ಆರಂಭಿಸಿದರೆ ನಮಗೆ ಎಚ್ಚರಿಕೆ ಕೊಟ್ಟಂತಾಗುತ್ತದೆ. "ಪರವಾಗಿಲ್ಲ ಬಿಡಿ" ಎಂದರೆ ಮುನಿಸು ಎಂದುಕೊಳ್ಳುತ್ತೇವೆ. ನಮ್ಮಲ್ಲಿ ಅವ್ವನಿಗೆ "ನೀ ಬಾ" ಎನ್ನುವುದು ಸಲಿಗೆ. ಅದೇ "ನೀ" ಇನ್ನೊಂದು ಊರಿನ ಅಪರಿಚಿತರ ಫೋನಿಗೆ ಹೋದರೆ ಅವಮಾನ. ಮುಖಾಮುಖಿಯಾದಾಗ ಮಾತಿನ ರಾಗದಿಂದಲೇ ಇವರು ಯಾವ ಕಡೆಯವರೆಂದು ತಿಳಿದು ನಾವು ತಾನೇತಾನಾಗಿ ಹೊಂದಿಸಿಕೊಳ್ಳುತ್ತೇವೆ. ಪರದೆಯ ಮೇಲಿನ ಅಕ್ಷರಗಳನ್ನು ಮಾತ್ರ ಪ್ರತಿಯೊಬ್ಬರೂ ತಮ್ಮ ಊರಿನ ರಾಗದಲ್ಲೇ ಓದಿಕೊಳ್ಳುತ್ತಾರೆ.

ಹಾಗೆಂದು ಗುಂಪಿನಲ್ಲಿ ಎಲ್ಲರೂ ಪುಸ್ತಕದ ಕನ್ನಡವನ್ನೇ ಬರೆಯಬೇಕೆಂದು ನಾನು ಹೇಳಲಾರೆ. ಹಬ್ಬದ ಶುಭಾಶಯಕ್ಕೂ ಹೋಳಿಗೆಯ ಮಾತಿಗೂ ನಮ್ಮ ನಮ್ಮ ಆಡುಮಾತೇ ಚೆಂದ. ದೂರು, ದುಡ್ಡು, ಸಮಯ ಈ ಮೂರರ ಮಾತು ಬಂದಾಗ ಮಾತ್ರ ಎಲ್ಲರಿಗೂ ಒಂದೇ ರೀತಿ ಕೇಳಿಸುವ ಬರಹದ ಕನ್ನಡಕ್ಕೆ ಬರುವುದು ಕ್ಷೇಮ. ಮತ್ತು ಹೆಸರು ಕೇಳಿದ ಹಿರಿಯರಿಗೆ ಬಹುಶಃ ಆರೋಪಕ್ಕಿಂತ, ಆರೋಪವನ್ನು ಮುಖ ನೋಡಿ ಹೇಳಲಿಲ್ಲವೆಂಬುದೇ ಹೆಚ್ಚು ನೋವಾಗಿರಬೇಕು.

ಉತ್ತರ 3: ಜರ್ಮನಿಯಿಂದ ಒಬ್ಬ ಕನ್ನಡಿಗ

"ನಾಳೆ"ಯ ಬಗ್ಗೆ ಯಾರೂ ಇನ್ನೂ ಬರೆದಿಲ್ಲವಾದ್ದರಿಂದ ಅದನ್ನು ನಾನು ಎತ್ತಿಕೊಳ್ಳುತ್ತೇನೆ. ನಮ್ಮ ಮನೆಯವರ ಗುಂಪಿನಲ್ಲಿ ಅಪ್ಪ ಅಮ್ಮ ಶಿವಮೊಗ್ಗದಲ್ಲಿ, ನಾನು ಇಲ್ಲಿ. ಚಳಿಗಾಲದಲ್ಲಿ ನಮಗಿಂತ ಅವರು ನಾಲ್ಕೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಇಲ್ಲಿನ ಗಡಿಯಾರವನ್ನು ಬದಲಿಸುವುದರಿಂದ ಮೂರೂವರೆ ಗಂಟೆ ಮುಂದೆ. ನಾನು ರಾತ್ರಿ ಎಂಟೂವರೆಗೆ "ನಾಳೆ ಫೋನ್ ಮಾಡುತ್ತೇನೆ" ಎಂದು ಬರೆದರೆ ಅಲ್ಲಿ ಆಗಲೇ ಮಧ್ಯರಾತ್ರಿ ದಾಟಿ ಆ "ನಾಳೆ" ಬಂದುಬಿಟ್ಟಿರುತ್ತದೆ. ಅಮ್ಮ ಒಂದು ದಿನ ಹೆಚ್ಚಾಗಿ ಕಾಯುತ್ತಾರೆ. ಸಂದೇಶವನ್ನು ಬರೆದ ಹೊತ್ತೇ ಬೇರೆ, ಓದುವ ಹೊತ್ತೇ ಬೇರೆ ಎಂಬುದನ್ನು "ನಾಳೆ", "ಇವತ್ತು ಸಂಜೆ", "ಇನ್ನು ಒಂದು ಗಂಟೆಯಲ್ಲಿ" ಎಂಬ ಪದಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವಾರ, ತಾರೀಖು, ಗಂಟೆ ಮೂರನ್ನೂ ಬರೆಯುವ ಅಭ್ಯಾಸ ಮಾಡಿಕೊಂಡಿದ್ದೇನೆ. ತಿಂಗಳಿಗೂ ಅಂಕಿಯ ಬದಲು ಹೆಸರನ್ನೇ ಬರೆಯುತ್ತೇನೆ, ಏಕೆಂದರೆ 5/6 ಎಂಬುದನ್ನು ಅಮೆರಿಕದಲ್ಲಿರುವ ನನ್ನ ಅಣ್ಣ ಮೇ 6 ಎಂದೂ ನಾವು ಜೂನ್ 5 ಎಂದೂ ಓದುತ್ತೇವೆ.

ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವವರಿಗೂ ಒಂದು ಕಿವಿಮಾತು. ಅಕ್ಕ ದೀಪಾವಳಿಗೆ ಕರೆದಾಗ ಬರುತ್ತೇನೆಂಬ ಅರ್ಥದಲ್ಲಿ ಎಸ್, ಎ, ಆರ್, ಐ ಎಂದು ನಾಲ್ಕಕ್ಷರ ಒತ್ತಿ ಕಳುಹಿಸಿದ್ದೆ. ಅವಳು ಅದನ್ನು "ಸರಿ" ಎಂದು ಓದದೆ "ಸಾರಿ" ಎಂದು ಓದಿಕೊಂಡು, ಎರಡು ದಿನ ಮಾತು ಬಿಟ್ಟಿದ್ದಳು. ಆ ಲಿಪಿಯಲ್ಲಿ "ಮಾಡಿ"ಗೂ "ಮಡಿ"ಗೂ, "ಹಾಲು"ಗೂ "ಹಾಳು"ಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಈಗ ಫೋನುಗಳಲ್ಲೇ ಕನ್ನಡದ ಕೀಲಿಮಣೆ ಇರುವಾಗ ಹಣದ ಮಾತನ್ನೂ ಆಹ್ವಾನವನ್ನೂ ಕನ್ನಡ ಲಿಪಿಯಲ್ಲೇ ಬರೆಯಲು ಏನು ಅಡ್ಡಿ?

ದನಿಯ ಬಗ್ಗೆ ಮೇಡಂ ಹೇಳಿದ್ದಕ್ಕೆ ಒಂದು ಪೂರಕ ಮಾಹಿತಿ. 2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು ಇಮೇಲ್ ಬಗ್ಗೆ ಕೆಲವು ಪ್ರಯೋಗಗಳನ್ನು ಪ್ರಕಟಿಸಿದರು. ತಾವು ವ್ಯಂಗ್ಯವಾಗಿ ಬರೆದದ್ದು ವ್ಯಂಗ್ಯವೆಂದೂ, ಗಂಭೀರವಾಗಿ ಬರೆದದ್ದು ಗಂಭೀರವೆಂದೂ ಓದುವವರಿಗೆ ತಿಳಿದೇ ತಿಳಿಯುತ್ತದೆಂದು ಬರೆಯುವವರು ನಂಬಿದ್ದರು. ಓದಿದವರು ನಿಜವಾಗಿ ಗುರುತಿಸಿದ್ದು ಅದಕ್ಕಿಂತ ಬಹಳ ಕಡಿಮೆ. ಬರೆಯುವವರಿಗೆ ತಮ್ಮದೇ ದನಿ ಒಳಗೆ ಕೇಳಿಸುತ್ತಿರುತ್ತದೆ, ಓದುವವರಿಗೆ ಕೇಳಿಸುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಕಾರ್ಯದರ್ಶಿಗಳು "ಬರೆಯುವಾಗ ನನಗೆ ಕೋಪವಿರಲಿಲ್ಲ" ಎಂದದ್ದು ಇದಕ್ಕೇ ಹೊಂದುತ್ತದೆ. ಕಳುಹಿಸುವ ಮೊದಲು ನನ್ನ ಸಂದೇಶವನ್ನು ನನಗೆ ಆಗದವರ ದನಿಯಲ್ಲಿ ಒಮ್ಮೆ ಓದಿಕೊಳ್ಳುತ್ತೇನೆ. ಆಗಲೂ ಸೌಮ್ಯವಾಗಿ ಕೇಳಿಸಿದರೆ ಮಾತ್ರ ಕಳುಹಿಸುತ್ತೇನೆ. ಕಳುಹಿಸಿದ ಮೇಲೆ ಹೊಳೆದರೆ ವಾಟ್ಸ್‌ಆ್ಯಪ್‌ನಲ್ಲಿ 15 ನಿಮಿಷದೊಳಗೆ ತಿದ್ದಲು ಅವಕಾಶವಿದೆ.

ಹೆಬ್ಬೆರಳಿನ ಚಿಹ್ನೆಯನ್ನು ಹಗುರವಾಗಿ ನೋಡಬೇಡಿ. ಕೆನಡಾದ ಸಸ್ಕಾಚೆವಾನ್ ಪ್ರಾಂತದಲ್ಲಿ ಅಗಸೆ ಬೀಜ ಕೊಳ್ಳುವವರು ಒಪ್ಪಂದದ ಚಿತ್ರವನ್ನು ಫೋನಿನಲ್ಲಿ ಕಳುಹಿಸಿ ದೃಢಪಡಿಸುವಂತೆ ಕೇಳಿದಾಗ ರೈತರೊಬ್ಬರು ಹೆಬ್ಬೆರಳೆತ್ತಿದರು. ಒಪ್ಪಂದ ಕೈಸೇರಿತು ಎಂದಷ್ಟೇ ಅದರ ಅರ್ಥವೆಂದು ಅವರು ವಾದಿಸಿದರೂ, ಅದು ಸಹಿಗೆ ಸಮವೆಂದು 2023ರಲ್ಲಿ ಅಲ್ಲಿನ ನ್ಯಾಯಾಲಯ ತೀರ್ಪು ಕೊಟ್ಟು, 82 ಸಾವಿರ ಕೆನಡಾ ಡಾಲರಿಗೂ ಹೆಚ್ಚು ಪರಿಹಾರ ಕೊಡಿಸಿತು. ನಿಮ್ಮ ಗುಂಪಿನ ಆ ಇಬ್ಬರು "ಓದಿದೆ" ಎಂದು ಒತ್ತಿದರೋ "ಸರಿಯಾಗಿ ಹೇಳಿದಿರಿ" ಎಂದು ಒತ್ತಿದರೋ ಯಾರು ಬಲ್ಲರು! ಹಿರಿಯರಿಗೆ ಮಾತ್ರ ಮೂವರು ಒಂದು ಕಡೆ ನಿಂತಂತೆ ಕಂಡಿರಬೇಕು.

ಉತ್ತರ 4: ಮಂಗಳೂರಿನ ಖಜಾಂಚಿ

ಮೇಲಿನ ಮೂವರಿಗೂ ಗೌರವ ಸಲ್ಲಿಸಿಯೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ನಾನೂ ಒಂದು ಅಪಾರ್ಟ್‌ಮೆಂಟಿನ ಲೆಕ್ಕ ನೋಡುವವನು. ಯಾರಿಗೂ ನೋವಾಗಬಾರದೆಂದು ಒಂದು ವರ್ಷ "ಸಾಧ್ಯವಾದರೆ ಹತ್ತನೆಯ ತಾರೀಖಿನೊಳಗೆ ಹಣ ಕಟ್ಟಬಹುದು" ಎಂದು ಬರೆಯುತ್ತಿದ್ದೆ. ಹಲವರಿಗೆ ಸಾಧ್ಯವಾಗಲಿಲ್ಲ! ತಪ್ಪು ಅವರದಲ್ಲ, "ಸಾಧ್ಯವಾದರೆ" ಎಂದವನು ನಾನೇ. ವಿನಯಕ್ಕಾಗಿ ಕೆಲಸವನ್ನೇ ಐಚ್ಛಿಕ ಮಾಡಿಬಿಟ್ಟರೆ ಮುಂದಿನ ತಿಂಗಳು ಕೋಪ ಬಂದೇ ಬರುತ್ತದೆ, ಆಗ "ಈ ಸಲವಾದರೂ" ಹುಟ್ಟುತ್ತದೆ. ಆದ್ದರಿಂದ ಏನು, ಯಾವಾಗ, ಯಾರು ಎಂಬುದು ಖಡಾಖಂಡಿತವಾಗಿರಲಿ; ಸೌಜನ್ಯವನ್ನು ಕಾರಣ ಹೇಳುವುದರಲ್ಲಿ ಮತ್ತು ಮುಂಚಿತವಾಗಿ ತಿಳಿಸುವುದರಲ್ಲಿ ತೋರಿಸೋಣ. ರಾತ್ರಿ 12 ಗಂಟೆಗೆ ಕಳುಹಿಸಿದ ಸೂಚನೆಗೆ ಎಷ್ಟು "ದಯವಿಟ್ಟು" ಹಚ್ಚಿದರೂ ಅದು ಸೌಜನ್ಯವಾಗುವುದಿಲ್ಲ.

ಇನ್ನೊಂದು ಸಮಸ್ಯೆ ನಮ್ಮ "ನಾವು". ತುಳುವಿನಲ್ಲಿ ಕೇಳುಗರನ್ನು ಬಿಟ್ಟು ಹೇಳುವುದಾದರೆ "ಎಂಕುಲು", ಸೇರಿಸಿಕೊಂಡು ಹೇಳುವುದಾದರೆ "ನಮ". ತಮಿಳು, ತೆಲುಗುಗಳಲ್ಲೂ ಈ ಭೇದವಿದೆ. ಕನ್ನಡದಲ್ಲಿ ಎರಡಕ್ಕೂ ಒಂದೇ "ನಾವು". "ಬೋರ್‌ವೆಲ್ ಮೋಟರಿಗೆ ನಾವು ಹಣ ಹೊಂದಿಸಬೇಕಾಗಿದೆ" ಎಂದು ನಾನು ಬರೆದಾಗ ಸಮಿತಿಯವರು ಹೊಂದಿಸುತ್ತಾರೆಂದು ಮನೆಗಳವರೂ, ಮನೆಗಳವರು ಕೊಡುತ್ತಾರೆಂದು ಸಮಿತಿಯವರೂ ಸುಮ್ಮನಿದ್ದರು. ಈಗ "ಸಮಿತಿಯ ಐವರು" ಅಥವಾ "ಪ್ರತಿ ಮನೆಯವರು" ಎಂದೇ ಬರೆಯುತ್ತೇನೆ. ಹಾಗೆಯೇ ಉತ್ತರವಾಗಿ ಬರುವ "ಆಗಬಹುದು", "ನೋಡೋಣ" ಎಂಬುವನ್ನು ಒಪ್ಪಿಗೆಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. "ಆಗಬಹುದು" ಎಂದರೆ ಕೆಲವರಿಗೆ ಖಂಡಿತ ಒಪ್ಪಿಗೆ, ಕೆಲವರಿಗೆ ಬರೀ ಸಾಧ್ಯತೆ. "ನೋಡೋಣ" ಎಂದರೆ ಇಲ್ಲ ಎನ್ನಲು ಸಂಕೋಚ. ತಿರುಗಿ "ಹೌದು ಎಂದು ಬರೆದುಕೊಳ್ಳಲೇ?" ಎಂದು ಕೇಳಿದರೆ ಯಾರೂ ಬೇಸರಪಡುವುದಿಲ್ಲ ಮಾರಾಯ್ರೆ.

ಮೈಸೂರಿನ ಕಾರ್ಯದರ್ಶಿ (ನಾಲ್ಕು ದಿನಗಳ ನಂತರ)

ಎಲ್ಲರಿಗೂ ಧನ್ಯವಾದ. ಮೇಡಂ ಹೇಳಿದಂತೆ ಭಾನುವಾರ ಸಂಜೆ ಮೆಟ್ಟಿಲು ಹತ್ತಿ ಹೋದೆ. ಬಾಗಿಲು ತೆರೆದ ಹಿರಿಯರು ಒಂದು ಕ್ಷಣ ಸುಮ್ಮನಿದ್ದು, "ಒಳಗ ಬರ್ರಿ" ಎಂದರು. ಹುಬ್ಬಳ್ಳಿಯವರ ಊಹೆ ಸರಿಯಾಗಿತ್ತು. ಅವರಿಗೆ ಜಗಳ ಬೇಕಿರಲಿಲ್ಲ, ಹೆಸರು ಹೇಳಿದರೆ ಕಾರಣ ಹೇಳೋಣವೆಂದು ಕೇಳಿದ್ದರಂತೆ. ಹೋದ ಸಲ ಅವರು ತಿಂಗಳುಗಟ್ಟಲೆ ಊರಿನಲ್ಲಿದ್ದು ಹಿಂದಿನ ರಾತ್ರಿಯಷ್ಟೇ ಬಂದಿದ್ದರು. ಕಾರಿನ ಬ್ಯಾಟರಿ ಪೂರ್ತಿ ಇಳಿದುಹೋಗಿ ಗಾಡಿ ಶುರುವಾಗಿರಲಿಲ್ಲ. ಮೊಣಕಾಲು ನೋವಿನಿಂದ ಒಬ್ಬರೇ ತಳ್ಳಲಾರದೆ, ಯಾರನ್ನಾದರೂ ಕರೆಯಲು ಸಂಕೋಚಪಟ್ಟು ಸುಮ್ಮನಾಗಿದ್ದರು. ಇದಾವುದೂ ನನಗೆ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ.

ಮುಂದಿನ ಸಲದ ಸೂಚನೆಯನ್ನು ಅವರ ಮನೆಯಲ್ಲೇ ಕುಳಿತು ಬರೆದೆವು. ಎರಡು ದಿನ ಮುಂಚೆ, ಸಂಜೆ ಏಳರೊಳಗೆ ಹಾಕಬೇಕೆಂದೂ ತೀರ್ಮಾನಿಸಿದೆವು. ತಾರೀಖಿನ ಜಾಗವನ್ನು ಖಾಲಿ ಬಿಟ್ಟು ಇಲ್ಲಿ ಕೊಡುತ್ತೇನೆ:

"ನೆರೆಹೊರೆಯವರಿಗೆ ನಮಸ್ಕಾರ. ಶನಿವಾರ, ____ ರಂದು ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಸಂಪು ಮತ್ತು ಮೇಲಿನ ಟ್ಯಾಂಕನ್ನು ತೊಳೆಸುತ್ತೇವೆ (ಸಮಿತಿ). ಆ ಹೊತ್ತಿನಲ್ಲಿ ಯಾವ ಮನೆಗೂ ನೀರು ಬರುವುದಿಲ್ಲ, ಬೇಕಾದಷ್ಟನ್ನು ಹಿಂದಿನ ರಾತ್ರಿಯೇ ತುಂಬಿಸಿಟ್ಟುಕೊಳ್ಳಿ. ಸಂಪಿನ ಮುಚ್ಚಳ ತೆರೆಯಬೇಕಾಗಿರುವುದರಿಂದ 3, 4 ಮತ್ತು 5ನೆಯ ಜಾಗದ ಕಾರುಗಳನ್ನು ಬೆಳಿಗ್ಗೆ 8.30ರೊಳಗೆ ಹೊರಗೆ ತೆಗೆಯಿರಿ. ಕಾರು ಶುರುವಾಗದಿದ್ದರೆ ಅಥವಾ ನೀವು ಊರಿನಲ್ಲಿಲ್ಲದಿದ್ದರೆ ಶುಕ್ರವಾರವೇ ನನಗೊಂದು ಫೋನ್ ಮಾಡಿ, ತಳ್ಳಲು ಇಬ್ಬರು ಬರುತ್ತೇವೆ."

ಕೊನೆಯ ವಾಕ್ಯವನ್ನು ಸೇರಿಸಿದವರು ಅವರೇ. ಆ ಇಬ್ಬರಲ್ಲಿ ಒಬ್ಬರಾಗಿ ತಮ್ಮ ಮಗನ ಹೆಸರನ್ನೂ ಕೊಟ್ಟಿದ್ದಾರೆ.